ಹನ್ನೊಂದು ಸೆಕೆಂಡು

ಅವಳ ಪಟ್ಟಿಯಲ್ಲಿ ನಾನು ನಾನೂರ ಹನ್ನೆರಡನೆಯವನು.
"ಹುಡುಗ. ಹೆಸರಿಲ್ಲ. ಕೈ ಖಾಲಿ. ಹನ್ನೊಂದು ಸೆಕೆಂಡು."

ಕ್ಲೀವ್‌ಲ್ಯಾಂಡಿನ ಕಿನ್ಸ್‌ಮನ್ ರಸ್ತೆಯಲ್ಲಿ
ಔಷಧಿ ಅಂಗಡಿ ಹೊತ್ತಿ ಉರಿದ ರಾತ್ರಿ
ಸ್ವೆಟರನ್ನು ಒಳಹೊರಗು ಮಾಡಿ ತೊಟ್ಟು ಓಡಿದ್ದೆ,
ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಅದರೊಳಗಿತ್ತು.
ಕ್ಯಾಮೆರಾಕ್ಕೆ ಕಂಡದ್ದು ಬೆಂಕಿ, ಬೆಂಕಿಯ ಮುಂದೆ ನಾನು,
ಎರಡರ ನಡುವೆ ಯಾರೂ ಬಾಯಿಬಿಟ್ಟು ಹೇಳದ ಒಂದು "ಆದ್ದರಿಂದ".

ಆರು ಗಂಟೆಗೊಮ್ಮೆ, ಹನ್ನೊಂದಕ್ಕೊಮ್ಮೆ,
ಮುಂದಿನ ವರ್ಷ ಬೇರೆ ಯಾವುದೋ ಬೀದಿಯ ಬೆಂಕಿಗೂ
ಅದೇ ನಾನು.
ಮನೆಯಲ್ಲಿ ಸ್ವೆಟರು ಗಿಡ್ಡವಾಯಿತು, ತಮ್ಮನ ಪಾಲಾಯಿತು;
ಟೀವಿಯಲ್ಲಿ ಮಾತ್ರ ಸರಿಯಾಗೇ ಕೂರುತ್ತಿತ್ತು.

ಡಾಕ್ಟರ್ ವರ್ನೀಟಾ ಆಸ್ಕ್ಯೂ ಆಗಿನ್ನೂ ಡಾಕ್ಟರಲ್ಲ.
ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ,
ಎರಡು ವರ್ಷದ ಸುದ್ದಿಯನ್ನು ಹಿಂದೆ ಮುಂದೆ ತಿರುಗಿಸಿ
ಎಣಿಸುತ್ತಿದ್ದಳು: ಯಾರಿಗೆ ಹೆಸರಿದೆ, ಯಾರಿಗೆ ಬರೀ ಬೆನ್ನಿದೆ,
ಯಾರ ತಾಯಿ ಮಾತಾಡಿದಳು, ಯಾರ ತಾಯಿ ಬರೀ ಅತ್ತಳು.
ಇದರಲ್ಲಿ ಮನಶ್ಶಾಸ್ತ್ರ ಎಲ್ಲಿದೆ, ಅಂದರಂತೆ ಪ್ರೊಫೆಸರು,
ಬರೀ ಲೆಕ್ಕ ತಾನೆ?
ನಮ್ಮಮ್ಮ ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನವಳು, ಅಂದಳಂತೆ,
ಯಾರಿಗೆ ಎಷ್ಟು ಬಡಿಸಿದಿರಿ ಅನ್ನೋದರಲ್ಲೇ ಇರುತ್ತೆ ಮನಸ್ಸು.

ಅರುವತ್ತು ಮಂದಿಯನ್ನು ಕೂರಿಸಿ ನನ್ನನ್ನು ತೋರಿಸಿದಳು.
ಟೀವಿ ಆರಿಸಿ ಕೇಳಿದಳು: ಹುಡುಗನ ಕೈಯಲ್ಲಿ ಏನಿತ್ತು?
ಬಾಟಲಿ, ಹತ್ತೊಂಬತ್ತು ಜನ. ಕಲ್ಲು, ಹನ್ನೆರಡು.
ಒಬ್ಬ ಮುದುಕ, ಆಣೆ ಮಾಡಿ, ಬೆಂಕಿಪೊಟ್ಟಣ ಅಂದ.
ಅವರಲ್ಲಿ ನಾಲ್ವರು ನಮ್ಮ ಬೀದಿಯವರೇ.
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ,
ಅವಳಿಗೆ ಪರಾಂಬರಿಸುವುದೇ ಹೊಟ್ಟೆಪಾಡಾಯಿತು.

ಕೋರ್ಟುಗಳಲ್ಲಿ ಸಾಕ್ಷಿ ನಿಂತಳು. ಚಾನೆಲ್ಲಿನ ವಕೀಲರು
ಅವಳ ಹೆಸರನ್ನು ಮೂರು ಥರ ತಪ್ಪು ಕೂಗಿದರು.
ಮಕ್ಕಳ ಕಣ್ಣು ಪರದೆಯ ಯಾವ ಮೂಲೆಯಲ್ಲಿ ನಿಲ್ಲುತ್ತದೆ
ಹೇಳಿಕೊಡಿ ಎಂದು ಮಿಠಾಯಿ ಕಂಪನಿ ಚೆಕ್ಕು ಕಳಿಸಿತು.
ವಾಪಸು ಮಾಡಿದಳು, ಎರಡನೆಯ ದಿನ.
ಮೊದಲ ದಿನ ಅದು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು;
ಮಾಡು ಸೋರುತ್ತಿತ್ತು, ಅಂತ ತಾನೇ ಹೇಳಿಕೊಳ್ಳುತ್ತಾಳೆ.

ಗುರುವಾರ ಸಂಜೆ ಲಾಂಡ್ರಿ ಅಂಗಡಿ.
ಮೆಷಿನ್ನುಗಳು ಸುತ್ತುವ ನಲವತ್ತು ನಿಮಿಷ
ಗೋಡೆಯ ಟೀವಿಯ ಬಾಯಿ ಮುಚ್ಚಿಸಿ
ಸಂಗೀತ ತೆಗೆದರೆ ಭಯ ಎಷ್ಟು ಉಳಿಯುತ್ತೆ ನೋಡಿ, ಎನ್ನುವಳು
ಕಾಲುಚೀಲ ಜೋಡಿಸುತ್ತಿದ್ದ ಅಮ್ಮಂದಿರಿಗೆ.
ಇಷ್ಟೆಲ್ಲ ಹೇಳುವವಳೇ ಮಧ್ಯಾಹ್ನದ ಧಾರಾವಾಹಿಯಲ್ಲಿ
ಸತ್ತವನು ಮೂರನೆಯ ಸಲ ಎದ್ದು ಬಂದಾಗ ಬಿಕ್ಕಿಬಿಕ್ಕಿ ಅತ್ತಳು.
ಇದು ಯಾವ ಶಾಸ್ತ್ರ, ಎಂದು ಮೊಮ್ಮಗಳು ಕೇಳಿದರೆ
ಸಾರಿನ ಸೌಟು ತೋರಿಸಿದಳಂತೆ.

ನಿವೃತ್ತಿಯ ವರ್ಷ ನನ್ನನ್ನು ಹುಡುಕಿಕೊಂಡು ಬಂದಳು,
ಬಸ್ ಡಿಪೋಗೆ, ಫೆಬ್ರವರಿಯಲ್ಲಿ, ಸರೋವರದ ಗಾಳಿ
ಸ್ಪ್ಯಾನರನ್ನು ಅಂಗೈಗೆ ಅಂಟಿಸುವ ದಿನ.
ಹಳದಿಗಟ್ಟಿದ ಹಾಳೆ ಬಿಚ್ಚಿ ನಾನೂರ ಹನ್ನೆರಡನೆಯ ಸಾಲು ತೋರಿಸಿದಳು.
ಓದಿ ಹೇಳಿದೆ, ಎಲ್ಲ ಸರಿ, ಒಂದು ಬಿಟ್ಟು.
ಕೈ ಖಾಲಿ ಇರಲಿಲ್ಲ.

ಅವಳು ಹಳೇ ಟೈರಿನ ಮೇಲೆ ಕುಸಿದು ಕೂತಳು.
ಖಾಲಿ, ಖಾಲಿ ಎಂದು ಎಷ್ಟು ಕಟಕಟೆಗಳಲ್ಲಿ ಪ್ರಮಾಣ ಮಾಡಿದ್ದಳೋ.
ಚೀಟಿ ಇತ್ತು, ಅಂದೆ, ಮಾತ್ರೆಯ ಚೀಟಿ,
ನಾಲ್ಕು ಮಡಿಕೆ ಮಡಚಿ, ಬೆವರಿಗೆ ಒದ್ದೆಯಾಗಿ.
ನಾನೂ ನೋಡಲಿಲ್ಲವಲ್ಲ, ಅಂದಳು,
ನನಗೆ ಖಾಲಿಯೇ ಬೇಕಾಗಿತ್ತು.

ಪೆನ್ಸಿಲ್ ತೆಗೆದಳು, ಹೊಡೆದು ಹಾಕಿದಳು, ಬರೆದಳು.
ಹೆಸರು ಕೇಳಿದಳು. ಲೆಮ್ಯುಯೆಲ್ ಟಿಬ್ಸ್, ಅಂದೆ.
ಆಮೇಲೆ, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು,
ಇಷ್ಟು ವರ್ಷ ಯಾರೂ ಕೇಳದ್ದನ್ನು ಕೇಳಿದಳು:
ಅಜ್ಜಿಗೆ ಆ ರಾತ್ರಿ ಮಾತ್ರೆ ಸಿಕ್ಕಿತಾ?

ಅವತ್ತು ಮೂರು ಬಸ್ಸು ತಡವಾಗಿ ಹೊರಟವು.